ಏಳು ಮರಿ, ಒಂದೇ ಚುಕ್ಕೆ

ನಾನು ಚಿಕ್ಕವನಿದ್ದಾಗ, ಬೈಬಲಿನ ಯಾಕೋಬ ನಮ್ಮ ಅಂಜನಾಪುರದ ಕಾಲುವೆ ಏರಿಯ ಮೇಲೆಯೇ ಆಡು ಮೇಯಿಸಿಕೊಂಡಿದ್ದ ಎಂದು ನಂಬಿದ್ದೆ. ಅದಕ್ಕೆ ಅಪ್ಪನೇ ಕಾರಣ. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಭಾನುವಾರ ಶಿಕಾರಿಪುರಕ್ಕೆ ನಡೆದು ಹೋಗಿ, ನಾಲ್ಕೈದು ಮನೆಯವರು ಸೇರುತ್ತಿದ್ದ ಪ್ರಾರ್ಥನೆ ಮುಗಿಸಿಕೊಂಡು ಬಂದು, ಹುರುಳಿ ಸಾರು ಅನ್ನ ಉಂಡು, ಗೋಡೆಗೆ ಒರಗಿ ಕೂತರೆ ಸತ್ಯವೇದದ ಹಿರಿಯರ ಕತೆ ಶುರುವಾಗುತ್ತಿತ್ತು. ಅಬ್ರಹಾಮ ಗುಡಾರ ಹಾಕಿದ್ದು ಮಾವಿನ ತೋಪಿನ ಪಕ್ಕ. ಇಸಾಕ ತೋಡಿದ ಬಾವಿಯಿಂದ ಬಂದದ್ದು ನಮ್ಮ ಕೆಂಪು ಮಣ್ಣು. ಹೀಗೆ ಹೇಳಿದರೆ ಹತ್ತು ವರ್ಷದ ಹುಡುಗ ಇನ್ನೇನು ತಿಳಿದಾನು?

ನನಗೆ ಎಲ್ಲರಿಗಿಂತ ಇಷ್ಟವಾದವನು ಯಾಕೋಬ. ಕೈಯಲ್ಲಿ ಕೋಲೊಂದೇ ಹಿಡಿದು ಬಂದು, ಲಾಬಾನನೆಂಬ ಜಿಪುಣ ಮಾವನ ಹತ್ತಿರ ಆಡು ಮೇಯಿಸಿ, ಕೊನೆಗೆ ಅವನಿಗಿಂತ ದೊಡ್ಡ ಹಿಂಡು ಕಟ್ಟಿದವನು. ಚುಕ್ಕೆ, ಮಚ್ಚೆ ಇರುವ ಮರಿಗಳೆಲ್ಲ ನನಗೆ, ಉಳಿದದ್ದು ನಿನಗೆ ಎಂದು ಮಾತಾಡಿಕೊಂಡು, ಹಸಿ ಕಡ್ಡಿಗಳ ತೊಗಟೆಯನ್ನು ಪಟ್ಟೆ ಪಟ್ಟೆಯಾಗಿ ಸುಲಿದು ನೀರಿನ ತೊಟ್ಟಿಯ ಮುಂದೆ ನೆಟ್ಟನಂತೆ. ಆ ಕಡ್ಡಿ ನೋಡುತ್ತಾ ನೀರು ಕುಡಿದ ಆಡುಗಳು ಚುಕ್ಕೆಯ ಮರಿಗಳನ್ನೇ ಹಾಕಿದವಂತೆ. ಇದನ್ನು ಕೇಳಿದ ದಿನವೇ, ಇದು ನಮ್ಮ ಊರಲ್ಲೂ ನಡೆಯುವ ವ್ಯಾಪಾರ ಎಂದುಕೊಂಡೆ.

ನಮ್ಮ ಕಡೆ ಆಡನ್ನು ಪಾಲಿಗೆ ಸಾಕುವ ಪದ್ಧತಿ ಇತ್ತು. ಆಡು ಇದ್ದವರು ಇಲ್ಲದವರ ಮನೆಗೆ ಬಿಡುತ್ತಿದ್ದರು. ಮೇಯಿಸುವುದು, ಕಾಯುವುದು ಸಾಕುವವರ ಕೆಲಸ. ಮರಿ ಹಾಲು ಬಿಟ್ಟ ಮೇಲೆ ಇಬ್ಬರೂ ಅರ್ಧರ್ಧ ಹಂಚಿಕೊಳ್ಳಬೇಕು. ಆ ವರ್ಷ ಊರಿನ ಗೌಡರ ಮನೆ ಅಜ್ಜಿ ತಮ್ಮ ಐದು ಕರಿ ಆಡುಗಳನ್ನು ನಮಗೆ ಕೊಡಲು ಒಪ್ಪಿದ್ದರು. ನಮ್ಮ ಪಾಲಿನ ಮರಿಗಳ ಮೇಲೆ ಅಕ್ಕನ ಓದು ನಿಂತಿತ್ತು. ಊರಲ್ಲಿ ಏಳನೇ ಕ್ಲಾಸಿನ ತನಕ ಮಾತ್ರ ಶಾಲೆ. ಮೂರು ಮರಿ ಬಂದರೆ ಸಂತೆಯಲ್ಲಿ ಮಾರಿ ಅವಳನ್ನು ಶಿವಮೊಗ್ಗದ ಹಾಸ್ಟೆಲ್‌ಗೆ ಸೇರಿಸೋಣ ಎಂದು ಅಪ್ಪ ಅಮ್ಮ ಮಾತಾಡಿಕೊಂಡಿದ್ದರು.

ಅಪ್ಪನಿಗೆ ಸೊರಬದ ಆಚೆ ಕ್ಯಾಸನೂರಿನ ಕಡೆ ಕೆಲಸ ಸಿಕ್ಕಿತು. ಹೋಗುವಾಗ, ಅರ್ಧರ್ಧ ಎಂದು ಹೇಳಿ ಆಡು ಹೊಡೆದುಕೊಂಡು ಬಾ ಎಂದು ನನಗೆ ಹೇಳಿದರು. ನಾನು ಅಜ್ಜಿಯ ಅಂಗಳದಲ್ಲಿ ನಿಂತು, ಅಪ್ಪ ಹೇಳಿ ಕಳಿಸಿದ್ದಾರೆ, ಚುಕ್ಕೆ ಇರೋ ಮರಿ ನಮಗೆ, ಇಲ್ಲದ್ದು ನಿಮಗೆ ಎಂದೆ. ಅಜ್ಜಿ ಕವಳ ಜಗಿಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಆಗಲಿ ಎಂದುಬಿಟ್ಟರು. ಒಂದು ಮಾತೂ ಎಳೆಯಲಿಲ್ಲ. ಮಕ್ಕಳೇ, ಇಲ್ಲೊಂದು ಬುದ್ಧಿಮಾತು ಬರೆದಿಟ್ಟುಕೊಳ್ಳಿ. ಎದುರಿನವರು ತಟ್ಟನೆ ಒಪ್ಪಿಕೊಂಡರೆ ನಾವು ಏನನ್ನೋ ನೋಡಿಲ್ಲ ಎಂದರ್ಥ. ನಾನು ನೋಡದೆ ಬಿಟ್ಟದ್ದು ಅವರ ಕೊಟ್ಟಿಗೆಯ ಹೋತನನ್ನು, ಹುಟ್ಟುವ ಮರಿಗಳ ಅಪ್ಪನನ್ನು. ಅದರ ಮೈಮೇಲೆ ಹುಡುಕಿದರೂ ಒಂದು ಬಿಳಿ ಕೂದಲು ಇರಲಿಲ್ಲ.

ನಾನಂತೂ ಕಡ್ಡಿ ನೆಟ್ಟೆ. ಮೊದಲು ನೆಟ್ಟದ್ದು ಹಾಲುವಾಣದ ಕೊಂಬೆ. ಅದನ್ನು ಆಡುಗಳು ತೊಗಟೆ ಸಮೇತ ತಿಂದು ಹಾಕಿದವು. ಆಮೇಲೆ ಆಡು ಬಾಯಿ ಹಾಕದ ಆಡುಸೋಗೆಯ ಕಡ್ಡಿ ತಂದು, ಅಪ್ಪನ ಗಾರೆ ಬಳಿಯುವ ಹಳೇ ಕರಣೆಯಿಂದ ಕೆರೆದು ಪಟ್ಟೆ ಮಾಡಿ ನೆಟ್ಟೆ. ಅಕ್ಕ ಬಿಂದಿಗೆ ಹೊತ್ತು ಹೋಗುವಾಗಲೆಲ್ಲ, ಏನೋ ಯಾಕೋಬ, ಕಡ್ಡಿ ಚಿಗುರಿತೇನೋ ಎಂದು ರೇಗಿಸುತ್ತಿದ್ದಳು. ಆಟಕ್ಕೆ ನೆಡುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಒಪ್ಪಂದ ಬದಲಾಯಿಸಿದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಚುಕ್ಕೆಯ ಮರಿಗಳ ಹಿಂಡು ತೋರಿಸಿ ಎಲ್ಲರನ್ನೂ ಬೆರಗು ಮಾಡಬೇಕು ಎಂಬುದು ನನ್ನ ಲೆಕ್ಕ.

ಹುಟ್ಟಿದ್ದು ಏಳು ಮರಿ. ಆರು ಕಾಡಿಗೆಯಂತೆ ಕಪ್ಪು. ಒಂದಕ್ಕೆ ಮಾತ್ರ, ಎಲ್ಲಿಂದ ಬಂತೋ, ಹಣೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ. ಮೂರು ತಿಂಗಳು ನಾನು ದಿನಾ ಬೆಳಿಗ್ಗೆ ಎದ್ದು ಉಳಿದ ಆರರ ಮೈ ತಡವಿ ನೋಡುತ್ತಿದ್ದೆ. ಅಕ್ಕನಾದರೋ ತನ್ನ ಮೂರು ಮರಿ ಯಾವುವೆಂದು ಆಗಲೇ ಮನಸ್ಸಿನಲ್ಲಿ ಆರಿಸಿಕೊಂಡು, ಅವಕ್ಕೆ ಬೇರೆಯಾಗಿ ಹಲಸಿನ ಎಲೆ ತಂದು ತಿನ್ನಿಸುತ್ತಿದ್ದಳು.

ಪಾಲು ಮಾಡುವ ದಿನ ಬಂದೇಬಿಟ್ಟಿತು. ಹತ್ತು ಗಂಟೆಯ ಬಸ್ಸಿಗೆ ಅಪ್ಪ ಬರುವವರಿದ್ದರು. ಮಧ್ಯಾಹ್ನ ಆಡುಗಳನ್ನು ಅಜ್ಜಿಯ ಮನೆಗೆ ಹೊಡೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಅಮ್ಮ ಹೊಲದ ಕಡೆ ಹೋದಾಗ ನಾನು ಹಿತ್ತಲಿನ ಸುಣ್ಣದ ಮಡಕೆಗೆ ಕೈ ಹಾಕಿದೆ. ತೊಗಟೆಯನ್ನು ಜಜ್ಜಿ ಕುಂಚ ಮಾಡಿ, ಎರಡು ಮರಿಗಳ ಬೆನ್ನಿಗೂ ಪಕ್ಕೆಗೂ ಚುಕ್ಕೆ ಇಟ್ಟೆ. ಸುಣ್ಣದ ಘಾಟಿಗೆ ಮರಿ ಸೀನಿತು. ಬಿಸಿಲಿಗೆ ಚುಕ್ಕೆ ಒಣಗಿ ಎಷ್ಟು ಚೆನ್ನಾಗಿ ಕೂತಿತೆಂದರೆ, ಮೇಸ್ತ್ರಿಯ ಮಗ ಅಲ್ಲವೇ ಎಂದು ನನಗೇ ಹೆಮ್ಮೆಯಾಯಿತು.

ಆದರೆ ತಾಯಿ ಆಡಿಗೆ ಅದು ಸರಿಬರಲಿಲ್ಲ. ತನ್ನ ಮರಿಯ ಮೈಮೇಲೆ ಅದೇನು ಎಂದು ಮೂಸಿ, ನೆಕ್ಕತೊಡಗಿತು. ಅಪ್ಪ ಬಂದು ಕಾಲು ತೊಳೆಯುವ ಹೊತ್ತಿಗೆ ಅದರ ಬಾಯಲ್ಲಿ ನೊರೆ. ತಲೆ ಕೊಡವುತ್ತಾ, ನಾಲಗೆ ಹೊರಗೆ ಹಾಕಿ ಅರಚುತ್ತಿತ್ತು. ಅಕ್ಕ ಓಡಿ ಬಂದು ಅದರ ದವಡೆ ಹಿಡಿದು, ನೀರು ಹಾಕಿ ಬಾಯಿ ತೊಳೆದು, ಕೊಬ್ಬರಿ ಎಣ್ಣೆ ಸವರಿದಳು. ಅಪ್ಪ ಮರಿಯ ಮೈಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದರು. ಮೂವತ್ತು ವರ್ಷ ಸುಣ್ಣ ಕಲಸಿದ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಒಪ್ಪಂದ, ಕಡ್ಡಿ, ಸುಣ್ಣ ಎಲ್ಲ. ಅಕ್ಕ ಎಣ್ಣೆಯ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ, ಒಂದೇನಾ ನಮ್ಮದು ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಪ್ಪ ಹೊಡೆಯಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳಿದರು. "ಯಾಕೋಬನ ಕತೇಲಿ ನಿನಗೆ ಬೇಕಾದ್ದಷ್ಟೇ ಆರಿಸ್ಕೊಂಡಿದೀಯ. ಅಣ್ಣನ ಆಶೀರ್ವಾದ ಹೊಡ್ಕೊಳ್ಳೋಕೆ ಮೈಗೆ ಆಡಿನ ತೊಗಲು ಕಟ್ಕೊಂಡು ಕುರುಡ ಅಪ್ಪನಿಗೆ ಮೋಸ ಮಾಡಿ, ಇಪ್ಪತ್ತು ವರ್ಷ ಮನೆ ಮುಖ ನೋಡದಂಗೆ ಅಲೆದನಲ್ಲ, ಅದನ್ನೂ ನಾನೇ ಹೇಳಿದ್ದೆ. ಚುಕ್ಕೆ ಕೊಟ್ಟೋನು ದೇವರು ಕಣೋ, ಕಡ್ಡಿ ಅಲ್ಲ."

ಹಾಗಾದರೆ ಅಜ್ಜಿಗೆ, ಹುಡುಗ ಗೊತ್ತಿಲ್ಲದೆ ಹೇಳಿದ, ಅರ್ಧರ್ಧವೇ ಮಾಡೋಣ ಎಂದು ನೀವು ಹೇಳಬಹುದಲ್ಲ ಎಂದು ಕೇಳಿದೆ. ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಯಾಕೋಬನ ಅಪ್ಪ ಇಸಾಕ, ಮೋಸದಿಂದ ಪಡೆದ ಆಶೀರ್ವಾದ ಎಂದು ತಿಳಿದ ಮೇಲೂ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನೀನು ನನ್ನ ಹೆಸರು ಹೇಳಿ ಮಾತು ಕೊಟ್ಟು ಬಂದಿದ್ದೀಯ ಎಂದರು. ಆಮೇಲೆ ನನ್ನಿಂದಲೇ ಮರಿಗಳ ಮೈ ತೊಳೆಸಿದರು. ಚುಕ್ಕೆಗಳು ಹಾಲಿನಂತೆ ಕರಗಿ ಅಂಗಳದ ಮಣ್ಣಿಗೆ ಇಳಿದವು.

ಗೌಡರ ಮನೆಯ ಅಂಗಳದಲ್ಲಿ ಅಜ್ಜಿ ಸೆರಗು ಬಿಗಿದುಕೊಂಡೇ ನಿಂತಿದ್ದರು. ಅಪ್ಪ ಜಗಳಕ್ಕೆ ಬರುತ್ತಾರೆ ಎಂದೇ ಅವರು ಎಣಿಸಿದ್ದು. "ಏನು ಮೇಸ್ತ್ರಿ, ಮಗ ಮಾಡಿದ ಮಾತು ಗೊತ್ತಾತಾ?" ಎಂದರು. ಅಪ್ಪ ನನ್ನ ಕಡೆ ನೋಡಿದರು, ಅಷ್ಟೇ. ಎರಡು ಮರಿಗೆ ಸುಣ್ಣದ ಚುಕ್ಕೆ ಇಟ್ಟಿದ್ದೆ, ತೊಳೆದಿದ್ದೇನೆ, ಒಂದು ಆಡಿನ ನಾಲಗೆ ಸುಟ್ಟಿದೆ, ಎಣ್ಣೆ ಹಚ್ಚಿದ್ದೇವೆ, ಮಾತಿನಂತೆ ನಮ್ಮದು ಒಂದೇ ಮರಿ ಎಂದು ಒಂದೇ ಉಸಿರಿಗೆ ಹೇಳಿದೆ.

ಅಜ್ಜಿ ಆಡಿನ ಹತ್ತಿರ ಹೋಗಿ ಬಾಯಿ ತೆರೆಸಿ ನೋಡಿದರು. ಆಮೇಲೆ ಅಪ್ಪನಿಗೆ, ನಿನಗೂ ಒಪ್ಪಿಗೆಯಾ ಎಂದು ಕೇಳಿದರು. ಒಪ್ಪಿಗೆ ಅವ್ವಾರೆ ಎಂದರು ಅಪ್ಪ. ಹಟ್ಟಿ ಬಾಗಿಲಲ್ಲಿ ನಿಂತಿದ್ದ ಅವರ ಮನೆಯ ಆಳು ನಕ್ಕಿದ್ದು ನನಗೆ ಕೇಳಿಸಿತು. ಅಜ್ಜಿಗೂ ಕೇಳಿಸಿರಬೇಕು, ಅವನ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ, ಹೆಣ್ಣುಮಗಳ ಓದಿಗೆ ಅಂತ ಇನ್ನೆರಡು ಮರಿ ಹೊಡೆದುಕೊಂಡು ಹೋಗು ಎಂದರು. ಅಪ್ಪ, ಬಿಟ್ಟಿ ಬೇಡ ಅವ್ವಾರೆ ಎಂದು ಕೈಮುಗಿದರು.

ಅಕ್ಕನ ಹಾಸ್ಟೆಲ್ ಅಲ್ಲೇ ನಮ್ಮ ಮುಂದೆ ಬಂದು ಅಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಆಗ ನನಗೆ ಯಾಕೋಬನ ಕತೆಯ ಇನ್ನೊಂದು ತುಂಡು ನೆನಪಾಯಿತು. ಲಾಬಾನನ ಮಗಳು ರಾಹೇಲಳನ್ನು ಮದುವೆಯಾಗಲು ಏಳು ವರ್ಷ ದುಡಿದ. ಲಾಬಾನ ಬೇರೆ ಹುಡುಗಿಯನ್ನು ಕಟ್ಟಿದ. ಆಗ ಯಾಕೋಬ ರಾಹೇಲಳನ್ನು ಮೊದಲು ಮದುವೆಯಾಗಿ, ಆಮೇಲೆ ಇನ್ನೂ ಏಳು ವರ್ಷ ದುಡಿದು ತೀರಿಸಿದ. ಅಂದರೆ ಸಾಮಾನು ಮುಂಚೆ, ದುಡಿಮೆ ಆಮೇಲೆ.

"ಅಜ್ಜಿ, ಬಿಟ್ಟಿ ಬೇಡ," ಎಂದೆ. "ಎರಡು ಮರಿ ಈಗ ಕೊಡಿ. ಬರೋ ವರ್ಷ ನಿಮ್ಮ ಐದು ಆಡನ್ನೂ ನಾನೇ ಮೇಯಿಸ್ತೀನಿ. ಆವಾಗ ಹುಟ್ಟಿದ್ದೆಲ್ಲ ನಿಮ್ಮದು, ಚುಕ್ಕೆ ಇರಲಿ ಬಿಡಲಿ."

ಅಜ್ಜಿ ಕಣ್ಣು ಕಿರಿದು ಮಾಡಿ, ಎರಡು ವರ್ಷ ಎಂದರು. ಒಂದು ಎಂದೆ ನಾನು. ಒಂದಾದರೆ ಕೊಟ್ಟಿಗೆಯ ಗೊಬ್ಬರ ಬಳಿಯುವುದೂ ನಿನ್ನದೇ ಎಂದರು. ಬಳಿಯುತ್ತೇನೆ, ಆದರೆ ವಾರಕ್ಕೊಂದು ಬುಟ್ಟಿ ಗೊಬ್ಬರ ನಮ್ಮ ಹಿತ್ತಲಿಗೆ ಎಂದೆ. "ಬಾಯಿ ನೋಡು ಇದರದ್ದು," ಎಂದು ಅಜ್ಜಿ ಅಪ್ಪನಿಗೆ ಹೇಳಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಹಲಸಿನ ಎಲೆ ತಿನ್ನಿಸಿದ ಮರಿಗಳಲ್ಲೇ ಎರಡನ್ನು ನಾನು ಆರಿಸಿಕೊಂಡೆ. ಅವೇ ದಪ್ಪಗಿದ್ದವು.

ವಾಪಸು ಬರುವಾಗ ಅಪ್ಪ ಯಾವತ್ತಿನಂತೆ ಮುಂದೆ ನಡೆಯಲಿಲ್ಲ. ಮೂರು ಮರಿಗಳನ್ನೂ ನನ್ನನ್ನೂ ಮುಂದೆ ಬಿಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದೆ ಬಂದರು. ದಾರಿಯಲ್ಲಿ ಸಿಕ್ಕವರು ಯಾರ ಮರಿ ಎಂದು ಕೇಳಿದರೆ, ಹುಡುಗನದು, ಅವನೇ ಮಾತಾಡಿ ತಂದದ್ದು ಎನ್ನುತ್ತಿದ್ದರು. ಜೂನ್‌ನಲ್ಲಿ ಅಕ್ಕ ತಗಡಿನ ಪೆಟ್ಟಿಗೆ ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದಳು. ನಾನು ಒಂದು ವರ್ಷ, ಶಾಲೆಗೆ ಮುಂಚೆ ಮತ್ತು ಶಾಲೆ ಬಿಟ್ಟ ಮೇಲೆ, ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಆ ಆಡುಗಳನ್ನು ಕಾಯ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ವರ್ಷ ತುಂಬಿದ ದಿನ ಅಜ್ಜಿ, ಇನ್ನು ಮುಂದೆ ಅರ್ಧರ್ಧ, ಎಷ್ಟು ವರ್ಷ ಬೇಕಾದರೂ ಎಂದರು. ಅಕ್ಕ ಓದಿ ಟೀಚರಾಗಿ ಸೊರಬದ ಶಾಲೆಯಲ್ಲಿ ಪಾಠ ಹೇಳಿದಳು. ನಾನು ಆಡಿನ ವ್ಯಾಪಾರದಿಂದ ಶುರುಮಾಡಿ ಈ ಅಂಗಡಿ, ಈ ಮನೆ ಮಾಡಿದೆ. ಚೌಕಾಸಿಯಲ್ಲಿ ಈ ಎರಡು ತಾಲೂಕಿನಲ್ಲಿ ನನ್ನನ್ನು ಗೆದ್ದವರು ಕಡಿಮೆ. ಆದರೆ ನನ್ನ ಸಾಮಾನಿನ ಕೊರತೆಯನ್ನು ನಾನೇ ಮೊದಲು ಹೇಳುತ್ತೇನೆ. ಆಮೇಲೆ ಬೆಲೆಯಲ್ಲಿ ಒಂದು ಕಾಸೂ ಬಿಡುವುದಿಲ್ಲ. ಎರಡನ್ನೂ ಕಲಿತುಕೊಳ್ಳಿ, ಮಕ್ಕಳೇ. ಒಂದನ್ನೇ ಕಲಿತರೆ ಸಾಲದು.

ನಿಮ್ಮ ಕಾಲ ಬೇರೆ. ಶಾಲೆಯ ಬಸ್ಸು ಬಾಗಿಲಿಗೇ ಬರುತ್ತದೆ. ಬೇಕಾದದ್ದು ಫೋನಿನಲ್ಲಿ ಒತ್ತಿದರೆ ಮನೆಗೆ ಬರುತ್ತದೆ, ಕೊಟ್ಟವರ ಮುಖ ನೋಡಬೇಕಾಗಿಲ್ಲ. ನನಗಾದರೋ ಅಜ್ಜಿಯ ಅಂಗಳದಲ್ಲಿ, ಅವರ ಕಣ್ಣೆದುರೇ ನಿಂತು ಹೇಳಬೇಕಾಗಿತ್ತು. ಇದನ್ನೆಲ್ಲ ಯೋಚಿಸಿ ನಿಮ್ಮ ಬಗ್ಗೆ ನನಗೊಂದು ಅಳುಕಿತ್ತು. ಮೊನ್ನೆ ನಿಮ್ಮಲ್ಲೊಬ್ಬಳು, ನನ್ನ ಮೊಮ್ಮಗಳು, ತನ್ನ ಹಳೇ ಸೈಕಲ್ಲನ್ನು ಫೋನಿನಲ್ಲೇ ಮಾರಾಟಕ್ಕೆ ಹಾಕಿದಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಅವಳು ಮೊದಲು ತೆಗೆದ ಫೋಟೋ, ತುಕ್ಕು ಹಿಡಿದ ಚೈನಿನದು. ಎರಡನೆಯದು, ಸೊಟ್ಟಗಾದ ಮಡ್‌ಗಾರ್ಡಿನದು. ಆಮೇಲೆ ಉಳಿದದ್ದು. ಕೊಳ್ಳುವವರು ದಾವಣಗೆರೆಯವರು, ಅವಳನ್ನು ಎಂದೂ ನೋಡುವವರಲ್ಲ. ಹಾಗೆ ಹಾಕಿದರೆ ಬೆಲೆ ಇಳಿಯುತ್ತದೆ ಎಂದು ಅವಳ ತಮ್ಮ ಹೇಳಿದ. ಇದ್ದದ್ದು ಇದ್ದಂತೆ ಇರಲಿ ಬಿಡೋ ಎಂದಳು ಅವಳು. ಬೆಲೆ ಇಳಿಯಿತು ಕೂಡ. ವ್ಯಾಪಾರ ನಡೆಯುವಾಗ ನಾನು ಬಾಯಿ ಹಾಕದೆ ಕೂತದ್ದು ಜೀವನದಲ್ಲಿ ಅದೊಂದೇ ಸಲ.