ಆರಿದ ದೀಪ, ಆರದ ಹೊಟ್ಟೆಕಿಚ್ಚು

ಬೆಳಕು ಹರಿಯುವ ಮುಂಚೆಯೇ ನಿಂಗರಾಜು ವ್ಯಾನಿನಡಿ ಸೇರಿಕೊಂಡಿದ್ದಾರೆ. ಹೊರಗೆ ಕಾಣುವುದು ಎರಡು ಪಾದ ಮತ್ತು ಒಂದು ಗೋಣಿಚೀಲದ ಅಂಚು ಮಾತ್ರ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆ ದಾಟಿದ ಮೇಲೆ ರಿಂಗ್ ರಸ್ತೆಯ ಬದಿಗೆ ಸಿಗುವ ಈ ತಗಡಿನ ಶೆಡ್ಡಿಗೆ ಹೆಸರಿನ ಫಲಕವಿಲ್ಲ. ವ್ಯಾನಿನ ಮಾಲೀಕ ಹಾಲಿನ ಕ್ಯಾನುಗಳನ್ನು ಇಳಿಸಿ, ಕೈಕಟ್ಟಿ ನಿಂತಿದ್ದಾನೆ. "ಸ್ಟಾರ್ಟ್ ಮಾಡ್ರಿ" ಎಂದು ಕೆಳಗಿನಿಂದ ದನಿ ಬರುತ್ತದೆ. ಎಂಜಿನ್ ಕೆಮ್ಮಿ ಶುರುವಾಗುತ್ತದೆ. "ಬಂದ್ ಮಾಡ್ರಿ. ಬೆಲ್ಟ್ ಹೋಗೈತೆ, ಎಂಜಿನ್‌ಗೇನೂ ಆಗಿಲ್ಲ. ಟೀ ಕುಡ್ಕೊಂಡು ಬರ್ರಿ, ಅಷ್ಟರಾಗ ಹಾಕಿರ್ತೀನಿ."

ಹಳೆಯ ವ್ಯಾನುಗಳೇ ನಿಂಗರಾಜು ಅವರ ಗಿರಾಕಿಗಳು. ಹಾಲಿನವು, ತರಕಾರಿಯವು, ಮಂಡಕ್ಕಿ ಚೀಲ ಹೊರುವವು, ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡುವವು. ಹೊಸತಿದ್ದಾಗ ಇವೆಲ್ಲ ದೊಡ್ಡ ಸರ್ವಿಸ್ ಸೆಂಟರುಗಳ ಬಾಗಿಲಲ್ಲಿ ನಿಂತವು. ಬಣ್ಣ ಹೋಗಿ, ಬಾಗಿಲು ಕಿರುಗುಟ್ಟತೊಡಗಿದ ಮೇಲೆ ಇಲ್ಲಿಗೆ ಬರುತ್ತವೆ. ಗಾಡಿಗಳಡಿ ಮಲಗಿ ಮಲಗಿ ನಿಂಗರಾಜು ಅವರ ಸೊಂಟ ಹಿಡಿದುಕೊಂಡಿದೆ, ಎದ್ದು ನಿಲ್ಲುವಾಗ ಯಾವುದಾದರೂ ಬಾಗಿಲ ಹಿಡಿಕೆ ಬೇಕು. ಎರಡೂ ಮುಂಗೈಯ ಮೇಲೆ ಬಿಸಿ ಸೈಲೆನ್ಸರ್ ಮುಟ್ಟಿದ ಕಲೆಗಳಿವೆ. ಅವುಗಳಲ್ಲಿ ಒಂದು ಕಳೆದ ಬೇಸಿಗೆಯದು. ಆ ಕಲೆಯ ಕಥೆ ಕೇಳಿದರೆ ಅವರು ಮೊದಲು ಹರಿಹರದ ಕಡೆ ಕೈ ತೋರಿಸುತ್ತಾರೆ.

ನಿಂಗರಾಜು ಮಾಯಕೊಂಡದವರು. ಶಾಲೆ ಬಿಟ್ಟವರೇ ದಾವಣಗೆರೆಗೆ ಬಂದು ಪಿ.ಬಿ. ರಸ್ತೆಯಲ್ಲಿದ್ದ ರಾಮಚಂದ್ರಪ್ಪನವರ ಗ್ಯಾರೇಜು ಸೇರಿದರು. ಅದೇ ಸುಮಾರಿಗೆ ಹರಿಹರದಿಂದ ಅದೇ ವಯಸ್ಸಿನ ಅಮ್ಜದ್ ಕೂಡ ಬಂದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಚಾಪೆಯ ಮೇಲೆ ಮಲಗಿದರು. ಇಬ್ಬರಿಗೂ ರಾಮಚಂದ್ರಪ್ಪನವರೇ ಉಸ್ತಾದ್. ಆದರೆ ಯಾವುದಾದರೂ ಎಂಜಿನ್ ಅಪರೂಪದ ಸದ್ದು ಮಾಡಿದರೆ ಉಸ್ತಾದ್ ಕರೆಯುತ್ತಿದ್ದುದು ಒಬ್ಬನನ್ನೇ. "'ಅಮ್ಜದ್, ಬಾರೋ, ಇದನ್ನ ಕೇಳು' ಅಂತಿದ್ರು. ನನಗೆ ಹೇಳ್ತಿದ್ದಿದ್ದು, 'ನಿಂಗ, ಲೈಟ್ ಹಿಡಿ.' ವರ್ಷಗಟ್ಟಲೆ ಲೈಟ್ ಹಿಡಿದೆ ರೀ. ನನಗೂ ಕಿವಿ ಇದ್ವು."

ಈಗ ಅಮ್ಜದ್‌ಗೆ ಹರಿಹರದಲ್ಲಿ ದೊಡ್ಡ ಗ್ಯಾರೇಜು ಇದೆ. ಗಿರಾಕಿಗಳು ಕೂರಲು ಗಾಜಿನ ಕೋಣೆ, ಅದರಲ್ಲಿ ಸೋಫಾ, ಗಾಡಿಯ ಹೊಟ್ಟೆಯೊಳಗಿನದನ್ನೆಲ್ಲ ಪರದೆಯ ಮೇಲೆ ತೋರಿಸುವ ದುಬಾರಿ ಸ್ಕ್ಯಾನರು. ನಿಂಗರಾಜು ಇದನ್ನೆಲ್ಲ ಹೇಳುವಾಗ ಬೋಲ್ಟ್ ಬಿಚ್ಚುವ ಪಾನಾವನ್ನು ಬಟ್ಟೆಯಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಾರೆ. "ಅವನನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಬರ್ಕೊಳ್ರಿ, ಪರವಾಗಿಲ್ಲ. ಅವನು ಮೋಸಗಾರ ಆಗಿದ್ರೆ ಬೈಕೊಂಡಾದ್ರೂ ಸುಮ್ನಿರ್ತಿದ್ದೆ. ಒಳ್ಳೆ ಕೆಲಸಗಾರ. ಅದೇ ಕಷ್ಟ."

ಮನೆಯಲ್ಲೂ ಇದು ಗುಟ್ಟಲ್ಲ. "ಊಟಕ್ಕೆ ಕೂತ್ರೂ ಅಮ್ಜದಣ್ಣನ ಸುದ್ದಿ" ಎನ್ನುತ್ತಾರೆ ಹೆಂಡತಿ ದುರ್ಗಾ. "ಒಂದು ದಿನಾನೂ ನಮ್ಮನೆಗೆ ಬರದ ಮನುಷ್ಯ ದಿನಾ ನಮ್ಮ ಜತಿಗೆ ಊಟ ಮಾಡ್ತಾನೆ."

ಕಳೆದ ಬೇಸಿಗೆಯಲ್ಲಿ ಶೋಭಾರಾಣಿ ಎಂಬವರ ವ್ಯಾನು ಈ ಶೆಡ್ಡಿಗೆ ಬಂತು. ಶೋಭಾರಾಣಿ ಹರಿಹರದವರು, ಗಂಡ ತೀರಿಕೊಂಡ ಮೇಲೆ ಅವರ ಹಳೆಯ ವ್ಯಾನನ್ನು ತಾವೇ ಓಡಿಸುತ್ತಾರೆ. ಕಿಡ್ನಿ ಕೈಕೊಟ್ಟವರನ್ನು ಹರಿಹರದ ಮನೆಮನೆಯಿಂದ ಹತ್ತಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯುವುದು, ಮುಗಿದ ಮೇಲೆ ವಾಪಸ್ ಮುಟ್ಟಿಸುವುದು ಅವರ ಕೆಲಸ. ಆ ವ್ಯಾನಿನ ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ಮತ್ತೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಮೆಕ್ಯಾನಿಕ್‌ಗಳು ಅದನ್ನು ಚೆಕ್ ಲೈಟ್ ಅನ್ನುತ್ತಾರೆ. ಅದು ಹತ್ತಿದ ಮೇಲೆ ಗಾಡಿ ಎಳೆಯುತ್ತಿರಲಿಲ್ಲ, ತಡವರಿಸುತ್ತಿತ್ತು.

"ಮೊದಲು ಅಮ್ಜದ್ ಭಾಯ್ ಹತ್ರ ತೋರ್ಸಿದ್ವಿ ಅಣ್ಣ, ಆಗ್ಲಿಲ್ಲ" ಎಂದರು ಶೋಭಾರಾಣಿ. "ನಮ್ಮ ಗಾಡ್ಯಾಗೆ ರಾಮಚಂದ್ರಪ್ಪಾರು ಅಂತ ಬರ್ತಾರೆ, ಮೊದಲು ಅವರದ್ದೂ ಗ್ಯಾರೇಜ್ ಇತ್ತಂತೆ. ಇನ್ನ ನಿಂಗನ ಹತ್ರ ಒಯ್ದು ನೋಡು ಅಂದ್ರು."

ಉಸ್ತಾದ್‌ಗೆ ಕಿಡ್ನಿ ಹೋಗಿದೆ ಎಂಬುದು ನಿಂಗರಾಜುಗೆ ಗೊತ್ತಾದದ್ದೇ ಆಗ. ಗ್ಯಾರೇಜು ಮುಚ್ಚಿ ಅವರು ಹರಿಹರದ ಮಗಳ ಮನೆ ಸೇರಿದ್ದಷ್ಟೇ ತಿಳಿದಿತ್ತು. ಮರುಗಬೇಕಾದ ಆ ಗಳಿಗೆಯಲ್ಲೂ ಎರಡು ಮಾತು ಕಿವಿಯಲ್ಲಿ ಉಳಿದವು. ಅಮ್ಜದ್ ಕೈಯಲ್ಲಿ ಆಗಲಿಲ್ಲ ಎಂಬುದು ಸಿಹಿಯಾಗಿತ್ತು. 'ಇನ್ನ ನಿಂಗನ ಹತ್ರ' ಎಂಬುದು ಮುಳ್ಳಿನಂತೆ ಚುಚ್ಚಿತು. ಇಲ್ಲೂ ತಾನು ಎರಡನೆಯವನೇ.

ತಮ್ಮ ಪುಟ್ಟ ಸ್ಕ್ಯಾನರ್ ಹಚ್ಚಿ ನೋಡಿದರು. ದೋಷದ ಗುರುತಾಗಿ ಬಂದ ಕೋಡು ಸೈಲೆನ್ಸರ್ ಪೈಪಿಗೆ ಸಿಕ್ಕಿಸಿರುವ ಆಕ್ಸಿಜನ್ ಸೆನ್ಸರಿನದು. ಎಂಜಿನ್ ಬಿಡುವ ಹೊಗೆಯನ್ನು ಮೂಸಿ ಪೆಟ್ರೋಲು ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಹೇಳುವ ಸಾಮಾನು ಅದು. ಅಮ್ಜದ್ ಅದನ್ನು ಆಗಲೇ ಬದಲಿಸಿದ್ದ. ನಿಂಗರಾಜು ವ್ಯಾನಿನಡಿ ಮಲಗಿ ಅವನ ಕೆಲಸವನ್ನು ಇಂಚಿಂಚೂ ನೋಡಿದರು. "ಒಂದು ಬೋಲ್ಟ್ ಆದ್ರೂ ಲೂಸ್ ಇರ್ಲಿ ದೇವ್ರೇ ಅಂತ ಬೇಡ್ಕೊಂಡೆ. ಎಲ್ಲಾ ನೀಟು. ಸಿಟ್ಟೇ ಬಂತು."

ಕೋಡು ಅಳಿಸಿ, ಕನೆಕ್ಷನ್ನುಗಳನ್ನು ಬಿಚ್ಚಿ ತೊಳೆದು ಹಾಕಿದರು. ತಾವೇ ಓಡಿಸಿಕೊಂಡು ದೊಡ್ಡಬಾತಿಯವರೆಗೆ ಹೋಗಿ ಬಂದರು. ದೀಪ ಹತ್ತಲಿಲ್ಲ. ಸಂಜೆ ಮತ್ತೊಮ್ಮೆ ಹೋಗಿ ಬಂದರು, ಆಗಲೂ ಇಲ್ಲ. ಆ ರಾತ್ರಿ ಊಟಕ್ಕೆ ಅಮ್ಜದ್ ಬಂದಿದ್ದು ಸೋತವನಾಗಿ ಎಂದು ದುರ್ಗಾ ನಗುತ್ತಾರೆ.

ಮುಂದಿನ ಡಯಾಲಿಸಿಸ್ ದಿನ ಬೆಳಿಗ್ಗೆ ಶೋಭಾರಾಣಿಯ ಫೋನು ಬಂತು. ದೀಪ ಹತ್ತಿದೆ, ದೊಡ್ಡಬಾತಿ ಹತ್ತಿರ ಗಾಡಿ ನಿಂತೇಬಿಟ್ಟಿದೆ. ನಿಂಗರಾಜು ಬೈಕಿನಲ್ಲಿ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಹಿಂದಿನ ಸೀಟುಗಳಲ್ಲಿದ್ದವರು ಕಿಟಕಿಗೆ ತಲೆ ಒರಗಿಸಿ ಕೂತಿದ್ದರು, ಒಬ್ಬ ಹೆಂಗಸಿನ ಮುಖ ಊದಿತ್ತು. ಮುಂದಿನ ಎಡಗಡೆ ಸೀಟಿನಲ್ಲಿ ಮೈಭಾರದ ರಾಮಚಂದ್ರಪ್ಪ ಬೆವರು ಒರೆಸಿಕೊಳ್ಳುತ್ತಿದ್ದರು. ಶಿಷ್ಯನ ಮುಖ ಎಷ್ಟೋ ವರ್ಷದ ಮೇಲೆ ನೋಡಿ ಅವರು ಕೇಳಿದ್ದು ಒಂದೇ: "ಅಮ್ಜದ್‌ಗೆ ಹೇಳಿದ್ಯಾ?"

ಗಾಡಿಯನ್ನು ಹೇಗೋ ಎಬ್ಬಿಸಿ ಆಸ್ಪತ್ರೆ ಮುಟ್ಟಿಸಿದರು. ಅಂಗಳದಲ್ಲಿ ನಿಲ್ಲಿಸಿ ಶೋಭಾರಾಣಿ ಬಾನೆಟ್ಟಿಗೆ ಒರಗಿದರು. "ಇನ್ನೊಂದ್ಸಲ ಹಿಂಗಾದ್ರೆ ನಾನು ಟ್ರಿಪ್ ಬಿಡ್ತೀನಿ ಅಣ್ಣ. ಇವರ ಜೀವ ನನ್ನ ಕೈಯಾಗೆ ಇಟ್ಕೊಂಡು ಓಡಿಸಾಕೆ ನನಗೆ ಧೈರ್ಯ ಇಲ್ಲ."

ನಿಂಗರಾಜು ಯೋಚಿಸಿದರು. ಒಬ್ಬರೇ ಓಡಿಸಿದಾಗ ಬಾರದ ರೋಗ ಜನ ಕೂತಾಗ ಬರುತ್ತಿದೆ. ಎಲ್ಲೋ ವೈರು ಒತ್ತುತ್ತಿರಬೇಕು. ಎಲ್ಲಿ ಎಂದು ತಿಳಿಯಬೇಕಾದರೆ ಎಂಜಿನ್ ಓಡುತ್ತಿರುವಾಗಲೇ ಸೆನ್ಸರಿನ ಏರಿಳಿತ ತೋರಿಸುವ ಗೆರೆಯನ್ನು ಪರದೆಯ ಮೇಲೆ ನೋಡಬೇಕು. ಅವರ ಸ್ಕ್ಯಾನರು ಕೋಡು ಹೇಳುತ್ತದೆಯೇ ಹೊರತು ಗೆರೆ ತೋರಿಸುವುದಿಲ್ಲ. ತೋರಿಸುವಂಥದ್ದು ಇರುವುದು ಹರಿಹರದಲ್ಲಿ. "ಫೋನ್ ಹಿಡ್ಕೊಂಡು ಆಸ್ಪತ್ರೆ ಕಾಂಪೌಂಡ್ ಸುತ್ತ ತಿರುಗಿದೆ. ಬ್ಯಾರೆ ಯಾರಾದ್ರೂ ಇದಾರಾ ಅಂತ ನೆನೆಸ್ಕೊಂಡೆ. ಯಾರೂ ನೆನಪಾಗ್ಲಿಲ್ಲ."

ಅಮ್ಜದ್ ಪೂರ್ತಿ ಕೇಳಿಸಿಕೊಂಡು, "ಎಲ್ಲಿಗೆ ಬರ್ಲಿ ಹೇಳೋ" ಎಂದನಷ್ಟೇ. ಗಿರಾಕಿಗಳನ್ನು ಗಾಜಿನ ಕೋಣೆಯಲ್ಲೇ ಬಿಟ್ಟು, ಸ್ಕ್ಯಾನರು ತೊಡೆಯ ಮೇಲಿಟ್ಟುಕೊಂಡು ಬಂದ.

ಅಮ್ಜದ್ ಡ್ರೈವರ್ ಸೀಟಿನಲ್ಲಿ ಪರದೆ ನೋಡುತ್ತಾ ಕೂತ. ನಿಂಗರಾಜು ಕೆಳಗೆ ಮಲಗಿ ಒಂದೊಂದೇ ವೈರು ಅಲುಗಿಸಿದರು. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು, ಸರಿಯಾಗೇ ಇತ್ತು. ಹಿಂದಿನ ಸೀಟುಗಳಲ್ಲಿ ಯಾರುಯಾರನ್ನೋ ಕೂರಿಸಿ ನೋಡಿದರು. ಏನೂ ಆಗಲಿಲ್ಲ. ಅಷ್ಟರಲ್ಲಿ ಡಯಾಲಿಸಿಸ್ ಮುಗಿಸಿದ ರಾಮಚಂದ್ರಪ್ಪನವರನ್ನು ಶೋಭಾರಾಣಿ ತೋಳು ಹಿಡಿದು ಕರೆತಂದರು. ಅವರು ತಮ್ಮ ಎಡಗಡೆ ಸೀಟಿಗೆ ಉಸ್ಸೆಂದು ಕುಸಿದರು.

"ಹೋಯ್ತು" ಎಂದ ಅಮ್ಜದ್. ಪರದೆಯ ಗೆರೆ ನೆಲಕ್ಕೆ ಬಿದ್ದಿತ್ತು. "ಉಸ್ತಾದ್, ಒಂದ್ಸಲ ಎದ್ದು..."

"ಬ್ಯಾಡ, ಅವರನ್ನ ಏಳಿಸಬ್ಯಾಡ" ಎಂದರು ನಿಂಗರಾಜು ಕೆಳಗಿನಿಂದ. "ನೀನು ಗೆರೆ ನೋಡ್ತಿರು. ನಾನೇ ಕೈ ಹಾಕ್ತೀನಿ."

ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ. ಓಡುತ್ತಿದ್ದ ಬಿಸಿ ಎಂಜಿನ್ನಿನ ಪಕ್ಕದ ಸಂದಿಯಲ್ಲಿ ನಿಂಗರಾಜು ಮೊಣಕೈವರೆಗೆ ಕೈ ತೂರಿಸಿದರು. ವೈರಿನ ಕಟ್ಟನ್ನು ಹಿಡಿದಿಡುವ ಕ್ಲಿಪ್ಪು ಮುರಿದು, ಕಟ್ಟು ಜೋತುಬಿದ್ದಿತ್ತು. ಭಾರದವರು ಕೂತಾಗ ಸೀಟಿನ ಕಬ್ಬಿಣ ತಗ್ಗಿ ಅದರ ಮೇಲೆ ಒತ್ತುತ್ತಿತ್ತು. ಉಜ್ಜಿ ಉಜ್ಜಿ ಹೊದಿಕೆ ಸವೆದು, ಒಳಗಿನ ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು. ಕಟ್ಟನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರು. ಮುಂಗೈ ಸುಟ್ಟಿತು. "ಬಂತು, ಬಂತು, ಬಿಡಬ್ಯಾಡ" ಎಂದ ಅಮ್ಜದ್.

ಅಮ್ಜದ್ ಎಂಜಿನ್ ಬಂದ್ ಮಾಡಿದ. ಕಣ್ಣು ಮುಚ್ಚಿ ಒರಗಿದ್ದ ರಾಮಚಂದ್ರಪ್ಪ ಕೇಳಿದರು, "ಅಮ್ಜದ್, ಸಿಕ್ತೇನೋ?"

"ಸಿಕ್ತು ಉಸ್ತಾದ್."

ಅಷ್ಟೇ ಮಾತು. ಕೆಳಗೆ ಮಲಗಿದ್ದ ನಿಂಗರಾಜು ಸುಟ್ಟ ಕೈಯನ್ನು ಎದೆಯ ಮೇಲಿಟ್ಟುಕೊಂಡು ಇನ್ನೊಂದು ಮಾತಿಗೆ ಕಾದರು. ಬರಲಿಲ್ಲ. ಅಮ್ಜದ್ ಸ್ಕ್ಯಾನರು ಮಡಚಿ, ಬಗ್ಗಿ ನೋಡಿ, "ಕೈಗೆ ಏನಾದ್ರೂ ಹಚ್ಕೋ" ಎಂದು ಹೇಳಿ ಹೊರಟುಹೋದ. "ಉಸ್ತಾದ್ ಕೇಳಿದಾಗ 'ಸಿಕ್ತು' ಅಂದನಲ್ಲ, ಬೇಕಂತ ಅಂದ್ನೋ, ಬಾಯಿಗೆ ಬಂದಿದ್ದು ಅಂದ್ನೋ, ಇವತ್ತಿಗೂ ಗೊತ್ತಾಗಿಲ್ಲ. ಅವನು ಬರದೇ ಇದ್ರೆ ಸಿಗ್ತಿರ್ಲಿಲ್ಲ, ಅದೂ ಖರೆ. ಆದ್ರೆ ಕೈ ಯಾರದ್ದು ರೀ ಸುಟ್ಟಿದ್ದು?"

ಅವತ್ತಿಗೆ ಕಟ್ಟನ್ನು ಪಕ್ಕಕ್ಕೆ ಬಿಗಿದು ಗಾಡಿ ಕಳಿಸಿ, ಮಾರನೆಯ ದಿನ ಶೆಡ್ಡಿನಲ್ಲಿ ಸೀಟು ಎತ್ತಿ, ಸವೆದ ತಂತಿಯನ್ನು ಸರಿಪಡಿಸಿ ಟೇಪು ಸುತ್ತಿ, ಹೊಸ ಕ್ಲಿಪ್ಪು ಕೂರಿಸಿದ್ದು ನಿಂಗರಾಜು ಒಬ್ಬರೇ. ಆಮೇಲೆ ದೀಪ ಹತ್ತಿಲ್ಲ. ಶೋಭಾರಾಣಿ ಟ್ರಿಪ್ ಬಿಟ್ಟಿಲ್ಲ. ಆದರೆ ಸುದ್ದಿ ಹರಿಹರದಲ್ಲಿ ಹರಡಿದ್ದು ಬೇರೆ ಥರ. ಅಮ್ಜದ್ ದಾವಣಗೆರೆವರೆಗೂ ಹೋಗಿ ಹುಡುಕಿಕೊಟ್ಟನಂತೆ ಎಂದು ಜನ ಆಡಿಕೊಂಡರು. ಎರಡು ಹಳೆಯ ವ್ಯಾನುಗಳು ನಿಂಗರಾಜು ಅವರನ್ನು ಬಿಟ್ಟು ಅಲ್ಲಿಗೆ ಹೋದವು. "ನಾನೇ ಎಲ್ಲರಿಗೂ ಹೇಳ್ದೆ, ನಿಂಗರಾಜಣ್ಣ ಮಾಡಿದ್ದು ಅಂತ" ಎನ್ನುತ್ತಾರೆ ಶೋಭಾರಾಣಿ. "ಅವರು ನಂಬಬೇಕಲ್ಲ. ಗಾಜಿನ ರೂಮ್ ಇದ್ದೋರನ್ನ ನಂಬ್ತಾರೆ." ಆ ದಿನಗಳಲ್ಲಿ ನಿಂಗರಾಜು ಊಟವನ್ನೇ ಸರಿಯಾಗಿ ಮಾಡಲಿಲ್ಲ ಎಂದು ದುರ್ಗಾ ಹೇಳುತ್ತಾರೆ.

ಈಚೆಗೆ ಒಂದು ಬೆಳಿಗ್ಗೆ ಶೋಭಾರಾಣಿಯ ವ್ಯಾನು ಆಸ್ಪತ್ರೆಗೆ ಹೋಗುವ ದಾರಿ ಬಿಟ್ಟು ಶೆಡ್ಡಿನ ಮುಂದೆ ನಿಂತಿತು. ಏನೋ ಕೆಟ್ಟಿತು ಎಂದುಕೊಂಡು ನಿಂಗರಾಜು ಎದ್ದುಬಂದರು. ರಾಮಚಂದ್ರಪ್ಪ ಬಾಗಿಲು ಹಿಡಿದು ನಿಧಾನ ಇಳಿಯುತ್ತಿದ್ದರು. "ವೈರ್ ಎಲ್ಲಿ ಉಜ್ಜಿತ್ತು, ತೋರ್ಸು" ಎಂದರು. ನಿಂಗರಾಜು ಸೀಟು ಎತ್ತಿ ಹಿಡಿದರು. ಉಸ್ತಾದ್‌ಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಕೈ ಒಳಗೆ ಹಾಕಿ, ಟೇಪು ಸುತ್ತಿದ ಜಾಗವನ್ನು ಹೆಬ್ಬೆರಳಿನಿಂದ ಬುಡದಿಂದ ತುದಿಯವರೆಗೆ ಸವರಿದರು. ಮತ್ತೊಮ್ಮೆ ಸವರಿದರು.

"ಇದು ಅಮ್ಜದ್ ಸುತ್ತಿದ್ದಲ್ಲ" ಎಂದರು. "ಅವನಿಗೆ ಇಷ್ಟು ತಾಳ್ಮೆ ಇಲ್ಲ."

ವ್ಯಾನು ಹತ್ತಿ ಕೂತರು. ಹೊತ್ತಾಯಿತೆಂದು ಶೋಭಾರಾಣಿ ಗಾಡಿ ತಿರುಗಿಸಿದರು. ಅವತ್ತು ಶೆಡ್ಡಿಗೆ ಬಂದ ಮೊದಲ ಗಿರಾಕಿಗೆ ನಿಂಗರಾಜು ತಾವೇ ಟೀ ತರಿಸಿಕೊಟ್ಟರಂತೆ, ಯಾಕೆಂದು ಅವನಿಗೆ ಗೊತ್ತಾಗಲಿಲ್ಲ.

ಹಾಲಿನ ವ್ಯಾನಿಗೆ ಬೆಲ್ಟು ಕೂತಿದೆ. ನಿಂಗರಾಜು ಬಾಗಿಲ ಹಿಡಿಕೆ ಹಿಡಿದು ಮೇಲೇಳುತ್ತಾರೆ. ಉಸ್ತಾದ್ ಅಂದ ಮಾತನ್ನು ಅಮ್ಜದ್‌ಗೆ ತಿಳಿಸಿದ್ದೀರಾ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ಇಲ್ಲ. ಫೋನ್ ತಗೋತೀನಿ, ಇಟ್ಬಿಡ್ತೀನಿ. ನಾನೇ ಹೇಳಿದ್ರೆ ಚೆನ್ನಾಗಿರಲ್ಲ." ಕೈ ಒರೆಸಿಕೊಳ್ಳುತ್ತಾರೆ. "ನೀವೇ ಬರೀರಿ. ನಿಮ್ಮ ಪೇಪರ್ ಹರಿಹರಕ್ಕೂ ಹೋಗ್ತೈತಲ್ಲ?"