ದೊಡ್ಡವ್ವನ ಹಸುವಿನ ಬೆನ್ನ ಮೇಲಿನ ಸುಳಿ

ನಾನು ತೆಗೆದ ಫೋಟೋ ನೋಡುವವರು ಫೋನನ್ನು ಮೊದಲು ಅಡ್ಡ ಹಿಡಿಯುತ್ತಾರೆ, ಆಮೇಲೆ ಉದ್ದ ಹಿಡಿಯುತ್ತಾರೆ, ಕೊನೆಗೆ ನನ್ನ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. ಇಂಥದ್ದೇ ಎಂದು ಥಟ್ಟನೆ ಹೇಳಲಾಗದ್ದನ್ನು ತೆಗೆಯುವ ಚಟ ನನಗೆ. ಆಲೆಮನೆಯ ಹಬೆಯಲ್ಲಿ ಅರ್ಧ ಕರಗಿಹೋದ ಮನುಷ್ಯ, ನಾಲೆಯ ನೀರಲ್ಲಿ ತಲೆಕೆಳಗಾದ ಬಸ್ಸು, ಪಾಂಡವಪುರ ಸ್ಟೇಷನ್ನಿನ ಬೆಂಚಿನ ಮೇಲೆ ಪ್ರಯಾಣಿಕನೋ ಗೋಣಿಚೀಲವೋ ತಿಳಿಯದ ಒಂದು ಗಂಟು. ಪಾಲಹಳ್ಳಿಯ ನಮ್ಮ ದೊಡ್ಡಪ್ಪ ಅವನ್ನೆಲ್ಲ ತಾಳ್ಮೆಯಿಂದ ನೋಡಿ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿಕೋ ಅಂದಿದ್ದ.

ಅಂಥ ದೊಡ್ಡಪ್ಪನೇ ಒಂದು ದಿನ ಫೋಟೋ ತೆಗೆಯಲು ಕರೆದ. ಮನೆಯ ಕೆಂಪು ನಾಟಿ ಹಸುವನ್ನು ಮಾರಿ ಸೀಮೆಹಸು ಕಟ್ಟಬೇಕೆಂದು ಅವನ ಹಟ. ಅದರ ಹಾಲು ಮನೆಯ ಕಾಫಿಗೆ ಸರಿಹೋಗುತ್ತದೆ, ಡೈರಿಗೆ ಹಾಕಲು ಉಳಿಯುವುದಿಲ್ಲ. ದೊಡ್ಡವ್ವನಿಗೋ ಅದು ಕರುವಾಗಿದ್ದಾಗಿನಿಂದ ಸಾಕಿದ ಹಸು. ಬೆಳಗಾದರೆ ಅದನ್ನು ಬೈದೇ ಅವಳು ಬಾಯಿ ತೆರೆಯುವುದು. ಎಷ್ಟು ಹೇಳಿದರೂ ದೊಡ್ಡಪ್ಪ ಕೇಳಲಿಲ್ಲ. ಈಗ ಸಂತೆಗೆ ಹೊಡೆದುಕೊಂಡು ಹೋಗುವ ಕಷ್ಟವೂ ಇಲ್ಲ, ದನದ ವ್ಯಾಪಾರದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರೆ ಕೆ.ಆರ್.ಪೇಟೆಯಿಂದ ನಾಗಮಂಗಲದವರೆಗೂ ಎಲ್ಲರಿಗೂ ಕಾಣುತ್ತದೆ.

ಕ್ಯಾಮೆರಾ ಹಿಡಿದು ಕೊಟ್ಟಿಗೆಗೆ ಹೋದರೆ ದೊಡ್ಡವ್ವ ಹಿಂದೆಯೇ ಬಂದಳು.

"ಲೋ ಮಗ, ಏನೂ ಗೊತ್ತಾಗ್ದಂಗೆ ತೆಗಿತೀಯಲ್ಲ ನೀನು, ಇದ್ನೂ ಅಂಗೇ ತೆಗಿ ಕಣಪ್ಪ."

ನನ್ನ ಕಲೆಯನ್ನು ಅಷ್ಟು ಅಕ್ಕರೆಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ. ಇಳಿಬಿಸಿಲಿನವರೆಗೂ ಕಾದೆ. ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕಿಸಿದೆ. ಹಸು ಬಾಲ ಬೀಸುವಾಗ ಒತ್ತಿದೆ. ದೊಡ್ಡಪ್ಪ ಕನ್ನಡಕ ಹುಡುಕಲು ಬೇಸರಪಟ್ಟು, ಕೊಂಬು ಅದೆ, ಬಾಲ ಅದೆ, ಸಾಕು ಎಂದು ಗುಂಪಿಗೆ ಕಳಿಸಿಯೇಬಿಟ್ಟ.

ನಮ್ಮ ಕಡೆ ಹಸು ಕೊಳ್ಳುವವರು ಕೆಚ್ಚಲಿಗಿಂತ ಮೊದಲು ಸುಳಿ ನೋಡುತ್ತಾರೆ. ಮೈಮೇಲಿನ ಕೂದಲು ಸುತ್ತಿಕೊಂಡ ಗುರುತು ಒಂದು ಕಡೆ ಇದ್ದರೆ ಮನೆ ಏಳುತ್ತದೆ, ಇನ್ನೊಂದು ಕಡೆ ಇದ್ದರೆ ಮನೆ ಮುಳುಗುತ್ತದೆ ಎಂದು ನಂಬಿಕೆ. ಗುಂಪಿನವರೆಲ್ಲ ನನ್ನ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದರು. ಒಬ್ಬ ಭುಜದ ಮೇಲೆ ಕೆಟ್ಟ ಸುಳಿ ಕಂಡ. ಇನ್ನೊಬ್ಬ ಅದು ಹೊಗೆ ಅಂದ. ಮತ್ತೊಬ್ಬನಿಗೆ ಪಕ್ಕದಲ್ಲಿ ಒಂದು ಕರು ಕಂಡಿತು. ಅದು ದೊಡ್ಡವ್ವನ ಸೆರಗು. ಜಗಳ ಬೆಳೆಯಿತೇ ಹೊರತು ಯಾರೂ ಬರಲಿಲ್ಲ. ನನ್ನ ರೊಟ್ಟಿಗೆ ಬೆಣ್ಣೆ ಜಾಸ್ತಿ ಬೀಳತೊಡಗಿತು.

ಆಮೇಲೆ ನಾಗಮಂಗಲದ ಕಡೆಯ ಯಜಮಾನರೊಬ್ಬರು ಹಗ್ಗವನ್ನೂ ಹಿಡಿದುಕೊಂಡೇ ಟೆಂಪೋದಲ್ಲಿ ಬಂದಿಳಿದರು. ಅವರಿಗೆ ಬೆನ್ನ ನಟ್ಟನಡುವೆ ಐಶ್ವರ್ಯದ ಸುಳಿ ಕಂಡಿತ್ತಂತೆ. ಅವರ ಅಪ್ಪನ ಹಸುವಿನ ಮೇಲೆ ಬಿಟ್ಟರೆ ಅಂಥದ್ದನ್ನು ಬೇರೆಲ್ಲೂ ನೋಡಿಲ್ಲವಂತೆ. ದೊಡ್ಡವ್ವ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. ಮುಚ್ಚಲು ಹೇಳಿದರೆ ಇಲ್ಲದ ಒಡವೆಯನ್ನೂ ಹಾಕಿ ತೋರಿಸಿದ್ದೆ. ಏನೂ ಸರಿಯಾಗಿ ಕಾಣದಿದ್ದರೆ ಜನ ಬಿಟ್ಟುಹೋಗುತ್ತಾರೆ ಎಂದುಕೊಂಡಿದ್ದೆವು. ತಮಗೆ ಬೇಕಾದ್ದನ್ನು ಕಾಣುತ್ತಾರೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಬೆನ್ನು ಸವರಿದರು. ಕೂದಲು ಬಿಡಿಸಿ ನೋಡಿದರು. ಫೋನು ನೋಡಿದರು, ಮತ್ತೆ ಸವರಿದರು. ನಾನು ತಲೆಯೆತ್ತಿದೆ. ಕೊಟ್ಟಿಗೆಯ ಶೀಟಿನಲ್ಲಿ ಒಂದು ತೂತು. ಅದರಿಂದ ಬಿದ್ದ ಬಿಸಿಲೇ ಹೊಗೆಯಲ್ಲಿ ಸುತ್ತಿಕೊಂಡು ಸುಳಿಯಾಗಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ನನ್ನ ಕಾಲು ತುಳಿದಳು.

"ಈ ಹಸ ಅಲ್ಲ ಅದು," ಅಂದರು ಯಜಮಾನರು. "ಫೋಟೋದಲ್ಲಿರೋದ ಎಲ್ಲಿ ಮಡಗಿದ್ದೀರಿ, ತೋರ್ಸಿ."

ಇರುವುದೇ ಇದೊಂದು ಎಂದು ದೊಡ್ಡಪ್ಪ ದೇವರ ಮೇಲೆ ಆಣೆ ಇಟ್ಟ. ಯಜಮಾನರು ನಕ್ಕರು. ಆಗ ದೊಡ್ಡವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು, "ಮನೆ ಲಕ್ಷ್ಮೀನ ಯಾರಾದ್ರೂ ಮಾರ್ತಾರಾ ಅಣ್ಣ?"

"ಅಂಗನ್ನಿ ಮತ್ತೆ," ಅಂದರು ಅವರು, ಎಲ್ಲ ಅರ್ಥವಾದವರಂತೆ. ಅದೇ ಹಸುವಿನ ಹಾಲಿನ ಕಾಫಿ ಕುಡಿದು, ಹಾಲು ಗಟ್ಟಿಯಾಗಿದೆ ಎಂದು ಹೊಗಳಿ, ಆ ಇನ್ನೊಂದನ್ನು ಮಾರುವ ಮನಸ್ಸಾದರೆ ಮೊದಲು ತಮಗೇ ತಿಳಿಸಬೇಕೆಂದು ಮಾತು ತೆಗೆದುಕೊಂಡು ಹೊರಟರು.

ಆ ಸಂಜೆ ದೊಡ್ಡಪ್ಪ ಕನ್ನಡಕ ಹುಡುಕಿ ತೆಗೆದ. ಫೋಟೋವನ್ನು ಅಡ್ಡ, ಉದ್ದ, ಹಿಗ್ಗಿಸಿ, ಕುಗ್ಗಿಸಿ ನೋಡಿದ. ಎದ್ದು ಹೋಗಿ ಹಸುವಿನ ಬೆನ್ನು ಸವರಿ ಬಂದ.

"ಅದು ಒಂದೊಂದ್ ಬೆಳಕಲ್ಲಿ ಕಾಣಾಕಿಲ್ವೇನ್ಲಾ?"

ನನ್ನ ಫೋಟೋದ ಬಗ್ಗೆ ಅವನು ಆಡಿದ ಮೊದಲ ಮರ್ಯಾದೆಯ ಮಾತು ಅದು. ಒಂದೊಂದು ಬೆಳಕಲ್ಲಿ ಕಾಣುವುದಿಲ್ಲ ದೊಡ್ಡಪ್ಪ ಅಂದೆ. ಸುಳ್ಳೇನೂ ಅಲ್ಲವಲ್ಲ.

ಸೀಮೆಹಸುವಿನ ಮಾತು ಅಲ್ಲಿಗೆ ನಿಂತಿತು. ತೂತಿನ ವಿಷಯ ದೊಡ್ಡವ್ವನಿಗೆ ಆಮೇಲೆ ಹೇಳಿದೆ. ಮೊನ್ನೆ, ಮಳೆಗಾಲಕ್ಕೆ ಮೊದಲು ಶೀಟಿನ ತೂತು ಮುಚ್ಚಿಬಿಡೋಣವೆಂದು ದೊಡ್ಡಪ್ಪ ಏಣಿ ತಂದು ಒರಗಿಸಿದರೆ, ಅವಳು ಕೆಳಗೆ ನಿಂತು ಏಣಿ ಹಿಡಿದುಕೊಳ್ಳಲು ಸುತರಾಂ ಒಪ್ಪಲಿಲ್ಲ.