ಹಾಲು ಸಾಲುತ್ತಾ ಅಂತ ಕೇಳಿದ್ದು

ಆ ಹಾಳು ಕಾಗದ ನೆನೆಸಿಕೊಂಡರೆ ಈಗಲೂ ಮೈ ಉರೀತೈತೆ. ಎರಡನೇ ಮಹಾಯುದ್ಧ ಮುಗಿದ ಹೊಸದು. ನಾನು ಜಗಳೂರು ಸೀಮೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸ್ತಾ ತಿರುಗೋ ನರ್ಸಮ್ಮ. ಮೇಲಿನ ಕಚೇರಿಯಿಂದ ಅಚ್ಚಾದ ಹಾಳೆಯೊಂದು ಬಂತು: ಬಾಣಂತಿಯನ್ನು ಮೊದಲು ‘ನಿಮ್ಮ ಹಾಲು ಮಗುವಿಗೆ ಸಾಲುತ್ತದೆಯೇ?’ ಎಂದು ಕೇಳತಕ್ಕದ್ದು. ಸಾಲದು ಎಂದರೆ ಡಬ್ಬಿಯ ಹಾಲಿನ ಪುಡಿ ಕೊಡತಕ್ಕದ್ದು.

ಅದನ್ನ ಬರೆದ ಪುಣ್ಯಾತ್ಮ ನಮ್ಮ ಕಡೆಯ ಬಾಣಂತಿಯನ್ನ ಕಂಡೇ ಇರಲಿಲ್ಲ. ನಮ್ಮಲ್ಲಿ ಹಾಲು ಉಕ್ಕಿ ಕುಬುಸ ತೊಯ್ದಿದ್ದರೂ ಯಾವ ತಾಯಿಯೂ ‘ಬೇಕಾದಷ್ಟೈತೆ’ ಅನ್ನಲ್ಲ. ಅಂದರೆ ದೃಷ್ಟಿ ತಾಗಿ ಬತ್ತೋಗ್ತೈತೆ ಅಂತ ಭಯ. ‘ಏನೋ ಅಮ್ಮ, ಎಲ್ಲಿ ಸಾಲ್ತೈತೆ’ ಅನ್ನಬೇಕು, ಅದೇ ವಾಡಿಕೆ. ನಾನೂ ಮೂರು ಹೆತ್ತವಳು, ಹಂಗೇ ಅಂದವಳು. ಗೊತ್ತಿದ್ದೂ ಕೇಳಿದೆ, ಬರಕೊಂಡೆ, ಡಬ್ಬಿ ಕೊಟ್ಟೆ. ದಿನಾ ಅದೇ ಮಾತು ಕೇಳಿ ಕೇಳಿ, ಈ ಹೆಣ್ಣುಮಕ್ಕಳಿಗೆ ಹಾಲೇ ಇಲ್ಲವೇನೋ ಅಂತ ನನಗೇ ಅನ್ನಿಸಾಕೆ ಹತ್ತಿತ್ತು.

ಸೊಕ್ಕೆ ಅನ್ನೋ ಹಳ್ಳಿಯಲ್ಲಿ ಒಬ್ಬಳು ಚೊಚ್ಚಲ ಬಾಣಂತಿ. ಕೂಸು ಗುಂಡುಗುಂಡಾಗಿ ಚೆನ್ನಾಗಿತ್ತು. ಅವಳೂ ಅತ್ತೆಯ ಮುಖ ನೋಡಿ ‘ಸಾಲಲ್ಲ’ ಅಂದಳು. ಡಬ್ಬಿ ಕೊಟ್ಟು ಬಂದೆ. ತಿಂಗಳು ಬಿಟ್ಟು ಹೋದರೆ ಕೂಸು ಭೇದಿ ಹತ್ತಿ ಕಡ್ಡಿಯಾಗಿತ್ತು. ಪುಡಿ ಕಲಸಿದ್ದು ಹೊಂಡದ ನೀರಲ್ಲಿ. ಎದೆಗೆ ಹಚ್ಚದೆ ಹಚ್ಚದೆ ಅವಳ ಹಾಲು ಬತ್ತಿತ್ತು. ಮತ್ತೆ ಹಚ್ಚವ್ವ ಅಂತ ಗೋಗರೆದೆ, ನಾಲ್ಕು ದಿನ ಅಲ್ಲೇ ಕೂತೆ. ಕೂಸು ಉಳೀಲಿಲ್ಲ.

ನಮ್ಮ ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿ, ಆ ಪ್ರಶ್ನೆ ತೆಗೀರಿ, ‘ನಿನ್ನ ಹಾಲೇ ಕುಡಿಸವ್ವ’ ಅಂತ ಹೇಳಿದರೆ ಸಾಕು ಅಂದೆ. ನೀರು ಕಾಯಿಸದೆ ಕೊಟ್ಟಿದ್ದು ಆ ಮನೆಯವರ ತಪ್ಪು ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಚ್ಚಾಗಿ ಬಂದಿದ್ದನ್ನ ನಾವು ತಿದ್ದಾಕೆ ಬರಲ್ಲ ಅಂತ ಬೇರೆ. ಗೋಡೆಗೆ ಹೇಳಿದ್ದರೂ ಒಂದಿಷ್ಟು ಮಣ್ಣು ಉದುರ್ತಿತ್ತು.

ಆಮೇಲೊಂದಿನ ಕೂಸು ಕಳಕೊಂಡ ಆ ಹುಡುಗಿ ದಾರಿಯಲ್ಲಿ ಸಿಕ್ಕಳು. ನನ್ನ ಕೈ ಹಿಡಕೊಂಡು, “ನರ್ಸಮ್ಮನೋರೆ, ನನ್ನ ಹಾಲು ನಿಜವಾಗ್ಲೂ ಸಾಲ್ತಿರಲಿಲ್ವಾ?” ಅಂದಳು. ಸಾಲ್ತಿತ್ತು ಅಂದರೆ ಅವಳ ಎದೆ ಒಡೀತೈತೆ. ಇಲ್ಲ ಅಂದರೆ ಮುಂದಿನ ಕೂಸಿಗೂ ಡಬ್ಬಿಯೇ ಗತಿ.

“ಸಾಲ್ತಿತ್ತು ಕಣವ್ವ,” ಅಂದೆ. “ನಾನು ಹಂಗೆ ಕೇಳಬಾರದಿತ್ತು.”

ಅವಳು ನನ್ನ ಕೈ ಬಿಟ್ಟಳು.